ರಿಮೋಟ್ ಯಾರ ಕೈಯಲ್ಲಿತ್ತು ಎಂಬ ಬಗ್ಗೆ

ಹೆಸರು: ಶಾಂಭವಿ ಕೋಂ ದೊಡ್ಡಬಸವರಾಜ. ವಯಸ್ಸು: 24 ವರ್ಷ. ವೃತ್ತಿ: ಗೃಹಿಣಿ, ಮದುವೆಗೆ ಮುಂಚೆ ಬಳ್ಳಾರಿಯ ಒಂದು ಖಾಸಗಿ ಶಾಲೆಯಲ್ಲಿ ಇಂಗ್ಲಿಷ್ ಶಿಕ್ಷಕಿ. ಹಾಲಿ ವಾಸ: ಬಸವೇಶ್ವರ ಗುಡಿಯ ಹಿಂದಿನ ಓಣಿ, ಕುರುಗೋಡು. ತವರು: ಸತ್ಯನಾರಾಯಣಪೇಟೆ, ಬಳ್ಳಾರಿ.

ಸಿರುಗುಪ್ಪ ಠಾಣೆಯಲ್ಲಿ ಮಹಿಳಾ ಹೆಡ್ ಕಾನ್‌ಸ್ಟೆಬಲ್ ಸುನಂದಾ ಅವರ ಎದುರು ಕುಳಿತು, ಯಾರೂ ಹೇಳಿಕೊಡದೆ, ನನಗೆ ನೆನಪಿರುವಷ್ಟನ್ನು ಈ ಮೂಲಕ ತಿಳಿಸುವುದೇನೆಂದರೆ:

ನನಗೂ ಕುರುಗೋಡಿನ ದೊಡ್ಡಬಸವರಾಜ ಅವರಿಗೂ ಕಳೆದ ನವೆಂಬರ್ 27ರಂದು ಬಳ್ಳಾರಿಯಲ್ಲಿ ಮದುವೆಯಾಗಿದೆ. ಎರಡೂ ಮನೆಯವರು ನೋಡಿ ಮಾಡಿದ ಮದುವೆ. ಆದರೆ ನಿಶ್ಚಯವಾದ ಮೇಲೆ ನಾಲ್ಕು ತಿಂಗಳು ನಾವು ದಿನವೂ ಫೋನಿನಲ್ಲಿ ಮಾತನಾಡಿದ್ದರಿಂದ, ತಾಳಿ ಕಟ್ಟುವ ಹೊತ್ತಿಗೆ ನನ್ನ ಮಟ್ಟಿಗೆ ಅದು ಪ್ರೇಮವಿವಾಹವೇ ಆಗಿತ್ತು. ಇದನ್ನೆಲ್ಲ ಬರೆಯಬೇಕೇ ಎಂದು ಸುನಂದಾ ಮೇಡಂ ಕೇಳಿದರು. ದಯವಿಟ್ಟು ಬರೆದುಕೊಳ್ಳಿ ಎಂದು ಕೋರಿದೆ. ನನ್ನ ಪತಿಯ ಮೇಲೆ ನನಗೆ ಹಗೆ ಇತ್ತೆಂದು ನಾಳೆ ಯಾರೂ ಹೇಳಬಾರದು.

ನನ್ನ ಪತಿ ಗಣಿತದಲ್ಲಿ ಪದವಿ ಪಡೆದವರು. ಸರ್ಕಾರಿ ಪ್ರೌಢಶಾಲೆಯ ಶಿಕ್ಷಕರ ಹುದ್ದೆಗೆ ಆಯ್ಕೆಯಾಗಿದ್ದಾರೆ. ಆದೇಶ ಬರುವ ಮುನ್ನ ಪೊಲೀಸರಿಂದ ನಡತೆಯ ಪರಿಶೀಲನೆ ಆಗಬೇಕಿದೆ. ಅವರಿಗೆ ನಾಲ್ಕು ವರ್ಷವಿದ್ದಾಗ ತಾಯಿ ತೀರಿಕೊಂಡರು. ಅಂದಿನಿಂದ ಹತ್ತನೆಯ ತರಗತಿ ಮುಗಿಯುವವರೆಗೆ ಅವರನ್ನು ಕೆಂಚನಗುಡ್ಡದ ತಮ್ಮ ಮನೆಯಲ್ಲಿ ಇಟ್ಟುಕೊಂಡು ಸಾಕಿದವರು ಅವರ ಸೋದರತ್ತೆ ಜಂಬಮ್ಮ, 58 ವರ್ಷ. ಈ ಪ್ರಕರಣದಲ್ಲಿ ಗಾಯಗೊಂಡವರು ಇವರೇ. ಮದುವೆಯಲ್ಲಿ ತಾಯಿಯ ಜಾಗದಲ್ಲಿ ನಿಂತು ನನ್ನನ್ನು ಮನೆ ತುಂಬಿಸಿಕೊಂಡವರೂ ಇವರೇ.

ಡ್ರೋನ್ ಅನ್ನು ಆರತಕ್ಷತೆಯಲ್ಲಿ ನನ್ನ ಪತಿಯ ಗೆಳೆಯರೆಲ್ಲ ಸೇರಿ ಉಡುಗೊರೆಯಾಗಿ ಕೊಟ್ಟರು. ಮಡಚಿದರೆ ಊಟದ ಡಬ್ಬಿಯಷ್ಟಿರುತ್ತದೆ, ಬಿಚ್ಚಿದರೆ ನಾಲ್ಕು ತೋಳು, ಪ್ರತಿ ತೋಳಿನ ತುದಿಗೆ ಒಂದು ತಿರುಗುವ ರೆಕ್ಕೆ. ಮಧುಚಂದ್ರಕ್ಕೆಂದು ನಾವು ಎಲ್ಲಿಗೂ ಹೋಗಲಿಲ್ಲ. ಬೆಳಗ್ಗೆ ಬಿಸಿಲೇರುವ ಮುಂಚೆ ಕುರುಗೋಡಿನ ಗುಡ್ಡಕ್ಕೆ ಹೋಗುತ್ತಿದ್ದೆವು. ಅವರು ಹಾರಿಸುತ್ತಿದ್ದರು, ನಾನು ಬಂಡೆಗಳ ಮೇಲೆ ಸೆರಗು ಹಾರಿಸಿಕೊಂಡು ಓಡುತ್ತಿದ್ದೆ. ಡ್ರೋನ್ ಹಾರಿಸುವಾಗ ಅವರು ನಾಲಿಗೆಯ ತುದಿ ಕಚ್ಚಿಕೊಳ್ಳುತ್ತಾರೆ. ನಾನು ಅವರ ಮುಖವನ್ನೇ ನೋಡುತ್ತಿದ್ದುದರಿಂದ ಡ್ರೋನ್ ಎಲ್ಲಿಗೆ ಹೋಯಿತೆಂದು ನನಗೆ ಎಷ್ಟೋ ಸಲ ಗೊತ್ತೇ ಆಗುತ್ತಿರಲಿಲ್ಲ.

ದಿನಾಂಕ 14.12.2025, ಭಾನುವಾರ, ಹೊಸ ಮದುಮಕ್ಕಳಿಗೆ ಊಟವೆಂದು ಜಂಬಮ್ಮನವರು ನಮ್ಮನ್ನು ಕೆಂಚನಗುಡ್ಡಕ್ಕೆ ಕರೆದಿದ್ದರು. ಬೆಳಗ್ಗೆ ಕುರುಗೋಡಿನಿಂದ ಬೈಕಿನಲ್ಲಿ ಹೊರಟು ಹತ್ತು ಗಂಟೆಯ ಸುಮಾರಿಗೆ ತಲುಪಿದೆವು. ಜಂಬಮ್ಮನವರು ಬಾಗಿಲಲ್ಲೇ ಕಾಲಿಗೆ ನೀರು ಹಾಕಿ, ನನ್ನ ಗಲ್ಲ ಹಿಡಿದು, "ಬಳ್ಳಾರಿ ಬಿಸಲಾಗ ಇಷ್ಟು ಬೆಳ್ಳಗ ಹೆಂಗ ಉಳ್ಕಂಡೆವ್ವ?" ಎಂದರು. ಹೋಳಿಗೆ ಬೇಯುವುದು ತಡವಿತ್ತು. ಅಷ್ಟರಲ್ಲಿ ಊರು ತೋರಿಸುತ್ತೇನೆಂದು ನನ್ನ ಪತಿ ಅಂಗಳದಿಂದ ಡ್ರೋನ್ ಹಾರಿಸಿದರು. ಓಣಿಯ ಹತ್ತು ಹನ್ನೆರಡು ಜನ ಸೇರಿದರು. ಕೊಯ್ಲಾದ ಗದ್ದೆ, ಹೊಳೆ, ಹಳೆಯ ಕೋಟೆಯ ಗೋಡೆ, ಎಲ್ಲವೂ ಫೋನಿನ ಪರದೆಯಲ್ಲಿ ಬಂದವು. ಕೊನೆಗೆ ನಮ್ಮ ಅಂಗಳವೂ ಬಂತು. ಜಂಬಮ್ಮನವರು ತಮ್ಮನ್ನು ತಾವೇ ಗುರುತಿಸಿ, "ಅಯ್ಯ ನನ್ನವ್ವ, ಮ್ಯಾಲಿಂದ ನನ್ನ ತಲಿ ಇಷ್ಟು ಬಕ್ಕ ಕಾಣ್ತೈತೇನು?" ಎಂದು ತಲೆಯ ಮೇಲೆ ಸೆರಗು ಎಳೆದುಕೊಂಡರು. ಎಲ್ಲರೂ ಬಹಳ ನಕ್ಕೆವು.

ಅಂಗಳದ ತುಂಬ ನೆಲ್ಲು ಹರವಿದ್ದರು. ಗಾಳಿಗೆ ಹೊಟ್ಟು ಏಳುತ್ತದೆಂದು ನನ್ನ ಪತಿ ಡ್ರೋನನ್ನು ನೆಲಕ್ಕೆ ಇಳಿಸದೆ, ಅಂಗಳದಂಚಿಗೆ ನಿಲ್ಲಿಸಿದ್ದ ಟ್ರ್ಯಾಕ್ಟರಿನ ಟ್ರೇಲರ್ ಮೇಲೆ ಇಳಿಸಿದರು. ಟ್ರೇಲರಿನ ತಳ ಕಬ್ಬಿಣದ್ದು, ಹಿಂದಿನ ಹಲಗೆ ತೆರೆದಿತ್ತು. ತಳದ ಎತ್ತರ ನನ್ನ ಎದೆಯಷ್ಟಿದೆ. ಆಗ ಹನ್ನೆರಡೂ ಕಾಲು ಇರಬಹುದು.

ಬ್ಯಾಟರಿ ಮುಗಿದಿದ್ದರಿಂದ ಇನ್ನೊಂದನ್ನು ಹಾಕಿ ಸ್ವಿಚ್ ಒತ್ತಿದರು. ಎಂದಿನ ಸದ್ದು ಬಂತು, ದೀಪ ಹತ್ತಿತು. ಹಾರಿಸಬೇಕಾದರೆ ರಿಮೋಟಿನ ಎರಡೂ ಕಡ್ಡಿಗಳನ್ನು ಹೆಬ್ಬೆರಳಿನಿಂದ ಕೆಳಗೆ ಒಳಮುಖವಾಗಿ ಎಳೆದು ಹಿಡಿಯಬೇಕು. ಆಗ ರೆಕ್ಕೆಗಳು ತಿರುಗಲು ಶುರುವಾಗುತ್ತವೆ. ಇದನ್ನು ಅವರೇ ನನಗೆ ಹೇಳಿಕೊಟ್ಟಿದ್ದರು. ಅಂದು ಎಷ್ಟು ಹಿಡಿದರೂ ತಿರುಗಲಿಲ್ಲ. ದೀಪ ಕೆಂಪಾಗಿ ಮಿಟುಕುತ್ತಿತ್ತು.

ಅವರು ಆರಿಸಿ ಮತ್ತೆ ಹತ್ತಿಸಿದರು. ಬ್ಯಾಟರಿ ತೆಗೆದು, ಅದರ ಹಲ್ಲುಗಳನ್ನು ಅಂಗಿಯ ತುದಿಯಿಂದ ಒರೆಸಿ, ಮತ್ತೆ ಹಾಕಿದರು. ರೆಕ್ಕೆಗಳನ್ನು ಬೆರಳಿನಿಂದ ತಿರುಗಿಸಿ ನೋಡಿದರು, ಸಲೀಸಾಗಿ ತಿರುಗಿದವು. ಮೋಟರಿನೊಳಗೆ ಹೊಟ್ಟು ಹೋಗಿರಬಹುದೆಂದು ಬಾಯಿಂದ ಊದಿದರು. ಫೋನನ್ನೂ ಆರಿಸಿ ಹತ್ತಿಸಿದರು. ಜಂಬಮ್ಮನವರ ಮಗ ಉಜ್ಜಿನಪ್ಪನವರು, ಅಂದರೆ ನನ್ನ ಭಾವ, ಟ್ರ್ಯಾಕ್ಟರಿನ ಗಾಲಿಗೆ ಒರಗಿ ನಿಂತು, "ಏನಲೇ ಬಸ್ಯಾ, ನಿನ್ನ ಹಕ್ಕಿಗೆ ಕೋಳಿ ಜ್ವರ ಬಂತೇನು? ನಮ್ ಟ್ರ್ಯಾಕ್ಟರಾದ್ರ ದಬ್ಬಿ ಚಾಲೂ ಮಾಡ್ತೀವಿ. ಇದನ್ನ ಎಲ್ಲಿ ಹಿಡಿದು ದಬ್ಬಬೇಕು?" ಎಂದು ಕೇಳಿದರು.

ಫೋನಿನ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಬಂದಿತ್ತು. ಹತ್ತಿರದ ಲೋಹದಿಂದಾಗಿ ದಿಕ್ಸೂಚಿ ಕೆಲಸ ಮಾಡುತ್ತಿಲ್ಲ, ಜಾಗ ಬದಲಿಸಿ ಎಂದು ಅದರ ಅರ್ಥ. ನಾನು ಅದನ್ನು ಎಲ್ಲರಿಗೂ ಕೇಳುವಂತೆ ಓದಿ, ಕನ್ನಡದಲ್ಲಿ ಹೇಳಿ, ಕಬ್ಬಿಣದ ಮೇಲಿಂದ ತೆಗೆದು ಕಟ್ಟೆಯ ಮೇಲಿಡೋಣ ಎಂದೆ. ಭಾವನವರು, "ಕೇಳ್ಲೇ, ಕೇಳು. ಮೇಡಂನೋರು ಪಾಠ ಹೇಳಾಕತ್ತಾರ. ಕನ್ನಡ ಸಾಲಿ ಹುಡುಗ ನೀನು, ನಿಂಗೆಲ್ಲಿ ತಿಳೀಬೇಕು" ಎಂದರು. ಜನ ನಕ್ಕರು. ನಾನೂ ನಕ್ಕೆ. ನನ್ನ ಪತಿಯ ಕಿವಿ ಕೆಂಪಾಗಿತ್ತು. ಅವರು ನನ್ನ ಕಡೆ ನೋಡದೆ, "ನಂಗೂ ಓದಾಕ ಬರ್ತೈತಿ. ಇಲ್ಲೇ ಇಳಿದೈತಿ, ಇಲ್ಲಿಂದ್ಲೇ ಏಳ್ತೈತಿ. ನೀ ಸುಮ್ನಿರು" ಎಂದರು. ಮದುವೆಯಾದ ಮೇಲೆ ಅವರು ನನಗೆ ಸುಮ್ಮನಿರು ಎಂದದ್ದು ಅದೇ ಮೊದಲು. ಮತ್ತೆ ಕಡ್ಡಿಗಳನ್ನು ಎಳೆದು ಹಿಡಿದರು.

ಹೀಗೆ ಅರ್ಧ ಗಂಟೆಯ ಮೇಲಾಯಿತು. ನೋಡಲು ಬಂದವರು ಒಬ್ಬೊಬ್ಬರಾಗಿ ಊಟಕ್ಕೆ ಹೋದರು. ಭಾವನವರು ಟ್ರ್ಯಾಕ್ಟರಿನ ಬ್ಯಾಟರಿಯಿಂದ ಕರೆಂಟು ಕೊಡೋಣವೆಂದು, ತಮಾಷೆಗೋ ನಿಜಕ್ಕೋ, ವೈರು ತರಲು ಹಿತ್ತಲಿಗೆ ಹೋದರು. ಅಂಗಳದಲ್ಲಿ ಉಳಿದವರು ನನ್ನ ಪತಿ, ನಾನು, ಜಂಬಮ್ಮನವರು. ಮುಂದೆ ನಡೆದದ್ದನ್ನು ನಾವು ಮೂವರಲ್ಲದೆ ಬೇರೆ ಯಾರೂ ನೋಡಿಲ್ಲ.

ಜಂಬಮ್ಮನವರು, "ಮದಿವಿ ಸಾಮಾನು ಅದು. ಇಡೀ ಓಣಿ ಬಾಯಿ ತಕ್ಕಂಡು ನೋಡೈತಿ. ದೃಷ್ಟಿ ಆಗಲಾರದ ಇರ್ತೈತೇನು? ತಡೀರಿ, ಒಂದೀಟು ತಗದು ಹಾಕ್ತೀನಿ" ಎಂದು ಒಳಗೆ ಹೋಗಿ ಹಿತ್ತಾಳೆಯ ತಾಟಿನಲ್ಲಿ ಕೆಂಡ ತಂದರು. ಮುಷ್ಟಿಯಲ್ಲಿ ಉಪ್ಪು, ಸಾಸಿವೆ, ಒಣಮೆಣಸಿನಕಾಯಿ ಇದ್ದವು. ತಾಟು ಕಾದಿತ್ತು. ಸೆರಗನ್ನು ಮಡಚಿ ಎರಡೂ ಕೈಯಿಂದ ಹಿಡಿದುಕೋ ಎಂದು ನನಗೆ ಕೊಟ್ಟರು. ನಾನು ಅವರ ಬಲಕ್ಕೆ ನಿಂತು ಹಾಗೆಯೇ ಹಿಡಿದುಕೊಂಡೆ. ನನ್ನ ಪತಿ ಎಡಕ್ಕೆ, ನಾಲ್ಕಡಿ ದೂರದಲ್ಲಿ ರಿಮೋಟ್ ಹಿಡಿದು ನಿಂತಿದ್ದರು. ಬೇಡ ಎಂದು ಅವರೂ ಹೇಳಲಿಲ್ಲ. ನಕ್ಕು, "ತಗಿ ಅತ್ತಿ, ನಿಂದೂ ಒಂದು ನೋಡಿಬಿಡಾನು" ಎಂದರು.

ಜಂಬಮ್ಮನವರು ಮುಷ್ಟಿಯನ್ನು ಡ್ರೋನಿನ ಸುತ್ತ ಮೂರು ಸಲ ನಿವಾಳಿಸಿ, ಅದರಲ್ಲಿದ್ದುದನ್ನು ಕೆಂಡಕ್ಕೆ ಹಾಕಿದರು. ಮೆಣಸಿನಕಾಯಿಯ ಘಾಟಿಗೆ ನನಗೆ ಕೆಮ್ಮು ಬಂತು. ಘಾಟು ಬಂದರೆ ದೃಷ್ಟಿ ಇರಲಿಲ್ಲವೆಂದೂ, ಬರದಿದ್ದರೆ ಇತ್ತೆಂದೂ ಹೇಳುತ್ತಾರಲ್ಲ, ಹಾಗಾದರೆ ಇದು ಯಾವುದು ಎಂದು ಕೆಮ್ಮುತ್ತಲೇ ಕೇಳಿದೆ. "ನೀ ಕೆಮ್ಮು, ಲೆಕ್ಕ ನಾ ಹಾಕ್ತೀನಿ" ಎಂದರು. ಆಮೇಲೆ ಅವರು ಡ್ರೋನಿನ ಅಡಿಗೆ ಎಡಗೈ ಕೊಟ್ಟು, ಬಲಗೈಯಿಂದ ಒಂದು ತೋಳು ಹಿಡಿದು, ಟ್ರೇಲರಿನಿಂದ ಮೇಲಕ್ಕೆತ್ತಿದರು. ದೃಷ್ಟಿ ತೆಗೆದ ಮೇಲೆ ಕೂಸನ್ನು ಎತ್ತಿಕೊಂಡು ಮುಖದ ಹತ್ತಿರ ತಂದು ಮೂರು ಸಲ ಥೂ ಥೂ ಅನ್ನುತ್ತಾರೆ. ಅವರು ಮಾಡಿದ್ದು ಅಷ್ಟೇ. ನನ್ನ ಪತಿಗೂ ಚಿಕ್ಕಂದಿನಲ್ಲಿ ಹಾಗೆಯೇ ಮಾಡುತ್ತಿದ್ದರಂತೆ.

ಕಬ್ಬಿಣದಿಂದ ಮೇಲೆ ಬಂದ ಕೂಡಲೇ ಡ್ರೋನಿನ ಕೆಂಪು ದೀಪ ಹಸಿರಾಯಿತು. ನನ್ನ ಪತಿ ಜೋರಾಗಿ, "ಅತ್ತೀ, ಹಸಿರಾತು! ಹಂಗಽ ಹಿಡಿ! ಹಂಗಽ ಹಿಡ್ಕಂಡಿರು!" ಎಂದರು. ಆ ಹೊತ್ತಿನಲ್ಲಿ ನಾನು ಅವರ ಕಡೆಗೇ ನೋಡುತ್ತಿದ್ದೆ. ಅವರು ಎರಡೂ ಹೆಬ್ಬೆರಳಿನಿಂದ ಕಡ್ಡಿಗಳನ್ನು ಕೆಳಗೆ ಎಳೆದರು. ನಾಲಿಗೆಯ ತುದಿ ಕಚ್ಚಿಕೊಂಡಿದ್ದರು. ಕೈಯಿಂದಲೇ ಮೇಲಕ್ಕೆ ಹಾರಿಸುವುದು ಅವರ ಉದ್ದೇಶವಾಗಿತ್ತೆಂದು ನನಗೆ ಅರ್ಥವಾಯಿತು. ನಾನು ಬೇಡ ಎಂದು ಕೂಗಲಿಲ್ಲ. ಅಂತೂ ಹಾರುತ್ತದೆ ಎಂದು ನನಗೂ ಖುಷಿಯಾಗಿತ್ತು.

ನನ್ನ ಪತಿ ಹಿಡಿದುಕೊಂಡಿರು ಎಂದದ್ದನ್ನು ಕೇಳಿ ಜಂಬಮ್ಮನವರು ಹಾಗೆಯೇ ಹಿಡಿದುಕೊಂಡಿದ್ದರು. ಎರಡನೆಯ ಸಲ ಥೂ ಎನ್ನಲು ಅವರು ಮುಖ ಮುಂದೆ ತಂದಾಗ ರೆಕ್ಕೆಗಳು ತಿರುಗಿದವು. ಅವರು ಕೂಗಲಿಲ್ಲ. ಕೈ ಬಿಡಲೂ ಇಲ್ಲ. ಬಿಡು ಎಂದು ನನ್ನ ಪತಿ ಹೇಳುವ ತನಕ ಬಿಡಬಾರದೆಂದುಕೊಂಡಿದ್ದರೋ ಏನೋ ನನಗೆ ತಿಳಿಯದು. ಡ್ರೋನ್ ಅವರ ಹಣೆಗೆ ತಾಗಿ, ಓರೆಯಾಗಿ, ಹರವಿದ್ದ ನೆಲ್ಲಿನ ಮೇಲೆ ಬಿದ್ದು ತಿರುಗುತ್ತಲೇ ಇತ್ತು. ಹೊಟ್ಟು ಎದ್ದು ಏನೂ ಕಾಣಲಿಲ್ಲ. ಹೊಟ್ಟು ಕೂತ ಮೇಲೆ ಅವರು ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ನೆಲದ ಮೇಲೆ ಕೂತಿದ್ದರು. ಬಲಗೈಯ ಎರಡು ಬೆರಳು ಹಿಂದಕ್ಕೆ ಬಾಗಿದ್ದವು. ನೆಲ್ಲು ಕೆಂಪಾಗಿತ್ತು. "ಹಾರಿತೇನಪಾ?" ಎಂದು ಕೇಳಿದರು.

ನನ್ನ ಪತಿ ರಿಮೋಟ್ ಬಿಸಾಡಿ ಓಡಿ ಬಂದು, ಅಂಗಿ ಬಿಚ್ಚಿ ಅವರ ಮುಖಕ್ಕೆ ಸುತ್ತಿದರು. ಜಂಬಮ್ಮನವರನ್ನು ಎತ್ತಿಕೊಂಡವರೂ ಅವರೇ. ಭಾವನವರು ವೈರು ಹಿಡಿದುಕೊಂಡು ಹಿತ್ತಲಿನಿಂದ ಬಂದಾಗ ಎಲ್ಲ ಮುಗಿದಿತ್ತು. ಪಕ್ಕದ ಮನೆಯವರ ಆಟೊದಲ್ಲಿ ಸಿರುಗುಪ್ಪದ ಆಸ್ಪತ್ರೆಗೆ ತಂದೆವು. ದಾರಿಯುದ್ದಕ್ಕೂ ನನ್ನ ಪತಿ, "ಅತ್ತೀ, ನನ್ನ ನೋಡು, ಅತ್ತೀ" ಎನ್ನುತ್ತಿದ್ದರು. ಅವರು ಬಹಳ ಅತ್ತರು. ಇದನ್ನೂ ಬರೆದುಕೊಳ್ಳಿ ಎಂದು ಕೇಳಿಕೊಂಡಿದ್ದೇನೆ.

ಆಸ್ಪತ್ರೆಯಲ್ಲಿ ವೈದ್ಯರು ಗಾಯ ನೋಡಿ, ಇದನ್ನು ಠಾಣೆಗೆ ತಿಳಿಸಬೇಕಾಗುತ್ತದೆ, ಯಂತ್ರವನ್ನು ನಡೆಸುತ್ತಿದ್ದವರು ಯಾರು ಎಂದು ಕೇಳಿದರು. ನನ್ನ ಪತಿ ನನ್ನ ಕೈ ಹಿಡಿದುಕೊಂಡೇ ನಿಂತಿದ್ದರು. "ನನ್ನ ಹೆಂಡತಿ ಸರ್. ರಿಮೋಟ್ ಇವಳ ಕೈಯಲ್ಲಿತ್ತು. ಹೊಸಬಳು, ಗೊತ್ತಾಗದೆ ಒತ್ತಿಬಿಟ್ಟಳು" ಎಂದರು. ಅದಕ್ಕೆ ಮುಂಚೆ ಅವರು ಈ ಬಗ್ಗೆ ನನ್ನೊಡನೆ ಒಂದು ಮಾತನ್ನೂ ಆಡಿರಲಿಲ್ಲ. ವೈದ್ಯರು ನನ್ನನ್ನು ನೋಡಿ, ಹೌದೇನಮ್ಮ ಎಂದರು. ನಾನು ತಲೆಯಾಡಿಸಿದೆ. ನನ್ನ ಕೈಯನ್ನು ಅವರು ಅಷ್ಟು ಬಿಗಿಯಾಗಿ ಹಿಡಿದದ್ದು ಅಲ್ಲಿಯವರೆಗೆ ನನಗೆ ನೋವು ಎನಿಸಿರಲಿಲ್ಲ. ಆಸ್ಪತ್ರೆಯಿಂದ ಠಾಣೆಗೆ ಬಂದ ವರದಿಯಲ್ಲಿ ನನ್ನ ಹೆಸರು ಇರುವುದು ಹೀಗೆ. ಅದು ನಿಜವಲ್ಲ.

ಅಲ್ಲಿಂದ ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಕಳಿಸಿದರು. ಬೆರಳುಗಳಿಗೆ ಹೊಲಿಗೆ ಹಾಕಿದ್ದಾರೆ. ಬಲಗಣ್ಣಿಗೆ ದೃಷ್ಟಿ ಮರಳುವುದಿಲ್ಲ ಎಂದು ಕಣ್ಣಿನ ವೈದ್ಯರು ಹೇಳಿದ್ದಾರೆ.

ಮರುದಿನ, 15ರಂದು ಮಧ್ಯಾಹ್ನ, ವಾರ್ಡಿನ ಹೊರಗೆ ನನ್ನ ಪತಿ ನನಗೆ ವಿವರಿಸಿದರು. ತಮ್ಮ ಹೆಸರಿನಲ್ಲಿ ಪ್ರಕರಣವಾದರೆ ನಡತೆಯ ಪರಿಶೀಲನೆಯಲ್ಲಿ ಸಿಕ್ಕಿ ನೌಕರಿ ಹೋಗುತ್ತದೆಂದೂ, ಆರು ವರ್ಷ ಓದಿ ಪಡೆದ ನೌಕರಿಯೆಂದೂ, ನನಗೆ ನೌಕರಿಯ ಚಿಂತೆ ಇಲ್ಲದ್ದರಿಂದ ನನಗೇನೂ ಆಗುವುದಿಲ್ಲವೆಂದೂ ಹೇಳಿದರು. "ನಾವಿಬ್ರು ಬ್ಯಾರೆ ಬ್ಯಾರೆ ಏನು ಶಾಂಭವಿ? ನೀನಂದ್ರೂ ಒಂದಽ, ನಾನಂದ್ರೂ ಒಂದಽ" ಎಂದರು. ಫೋನಿನಲ್ಲಿ ನಾಲ್ಕು ತಿಂಗಳು ಅವರು ಇದೇ ಮಾತು ಹೇಳುತ್ತಿದ್ದರು. ನಾನು ಆಗಲಿ ಎಂದೆ. ಭಾವನವರು ಮಾತ್ರ ನನ್ನ ಮುಖ ನೋಡುತ್ತಿರಲಿಲ್ಲ. ಕುಡಿಯಲು ನೀರು ಕೊಟ್ಟರೆ, "ಪ್ಯಾಟಿ ಹುಡುಗಿ ಆಟಕ್ಕ ನಮ್ಮವ್ವನ ಕಣ್ಣು ಹೋತು" ಎಂದು ಗೋಡೆಗೆ ಹೇಳಿ ಹೊರಗೆ ಹೋದರು. ನನ್ನ ಪತಿ ಅಲ್ಲೇ ಇದ್ದರು. ಕೇಳಿಸಿಕೊಂಡರು.

ಅದೇ ಸಂಜೆ ನಾನು ಜಂಬಮ್ಮನವರಿಗೆ ಗಂಜಿ ಕುಡಿಸುತ್ತಿದ್ದೆ. ನಾವಿಬ್ಬರೇ ಇದ್ದೆವು. ಅವರು, "ರಿಮೋಟು ನಿನ್ನ ಕೈಯಾಗಿತ್ತಂತ, ಹೌದೇನವ್ವ?" ಎಂದು ಕೇಳಿದರು. ನಾನು ಇನ್ನೊಂದು ಚಮಚ ಗಂಜಿ ಮುಂದೆ ಹಿಡಿದೆ. ಅವರು, "ಎರಡು ಕಣ್ಲೆ ನಾ ಕಡೀಗೆ ನೋಡಿದ್ದು ನಿನ್ನ ಕೈಯೇ. ತಾಟು ಹಿಡ್ಕಂಡಿದ್ವು" ಎಂದರು. ನಾನು ಅತ್ತುಬಿಟ್ಟೆ. ಅವರು ಕಟ್ಟು ಹಾಕಿದ ಕೈಯನ್ನು ನನ್ನ ತೊಡೆಯ ಮೇಲಿಟ್ಟು, "ಅಳಬ್ಯಾಡ. ಹೂಂ ಅಂದ್ಬಿಡು. ನನಗ ಒಂದು ಕಣ್ಣು ಸಾಕು. ಹುಡುಗನ ನೌಕರಿ ಉಳೀಲಿ" ಎಂದರು. ಆಮೇಲೆ, "ಅವ ಎಲ್ಲದಾನ? ಒಳಗ ಯಾಕ ಬರವಲ್ಲ?" ಎಂದು ಕೇಳಿದರು.

ನನ್ನ ಪತಿ ಆಸ್ಪತ್ರೆಯಲ್ಲೇ ಇದ್ದರು. ಔಷಧಿ ತರುತ್ತಿದ್ದರು, ಚೀಟಿಗಳಿಗೆ ಓಡಾಡುತ್ತಿದ್ದರು. ವಾರ್ಡಿನ ಬಾಗಿಲ ತನಕ ಬಂದು, ಮಂಚ ಕಾಣುವಲ್ಲಿ ನಿಂತು, ತಿರುಗಿ ಹೋಗುತ್ತಿದ್ದರು. ಅತ್ತಿ ಕರೆಯುತ್ತಿದ್ದಾರೆ ಎಂದು ನಾನು ಹೋಗಿ ಹೇಳಿದೆ. ನೀನಿದ್ದೀಯಲ್ಲ ಎಂದರು. ಇಂದು ಬೆಳಗ್ಗೆ ಇಲ್ಲಿಗೆ ಹೊರಡುವ ತನಕವೂ ಅವರು ಒಳಗೆ ಹೋಗಲಿಲ್ಲ. ಜಂಬಮ್ಮನವರು ಎಡಗಣ್ಣಿಗೆ ಬಾಗಿಲು ಕಾಣುವಂತೆ ಮಗ್ಗುಲು ಬದಲಿಸಿ ಮಲಗಿದ್ದರು. ನಾನು ಒಪ್ಪಿಕೊಂಡ ಸುಳ್ಳು ನಿಂತರೆ ನನ್ನ ಪತಿ ಆ ಮಂಚದ ಹತ್ತಿರ ಎಂದಿಗೂ ಹೋಗಲಾರರು ಎಂದು ನನಗನ್ನಿಸಿತು. ನನ್ನ ಹತ್ತಿರವೂ.

ಆದ್ದರಿಂದ ಸ್ಪಷ್ಟವಾಗಿ ಹೇಳುತ್ತೇನೆ. 14ರಂದು ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ ಜಂಬಮ್ಮನವರು ಡ್ರೋನನ್ನು ಎತ್ತಿಕೊಂಡಿದ್ದಾಗ ರಿಮೋಟ್ ನನ್ನ ಪತಿ ದೊಡ್ಡಬಸವರಾಜ ಅವರ ಕೈಯಲ್ಲಿತ್ತು. ಅವರು ಅತ್ತೆಯನ್ನು ಕಣ್ಣಾರೆ ನೋಡುತ್ತಲೇ, ಹಿಡಿದುಕೊಂಡಿರು ಎಂದು ಹೇಳಿ, ಚಾಲೂ ಮಾಡಿದರು. ನೋಯಿಸುವ ಉದ್ದೇಶ ಅವರಿಗೆ ಖಂಡಿತ ಇರಲಿಲ್ಲ. ಡ್ರೋನ್ ತಾನಾಗಿ ಚಾಲೂ ಆಗಲಿಲ್ಲ. ಜಂಬಮ್ಮನವರದು ಯಾವ ತಪ್ಪೂ ಇಲ್ಲ. ಇಂದು ಬರುವಾಗ ಕೆಂಚನಗುಡ್ಡದಿಂದ ಬೈಕಿನೊಂದಿಗೆ ತಂದ ಡ್ರೋನ್, ರಿಮೋಟ್ ಎರಡನ್ನೂ ಠಾಣೆಗೆ ಒಪ್ಪಿಸಿದ್ದೇನೆ.

ನನ್ನ ಪತಿ ಈಗ ಠಾಣೆಯ ಹೊರಗೆ ಬೈಕಿನ ಮೇಲೆ ಕುಳಿತಿದ್ದಾರೆ. ನಾನು ಒಳಗೆ ಬರುವಾಗ, "ಹೆದರಬ್ಯಾಡ, ಐದು ನಿಮಿಷದ ಕೆಲಸ" ಎಂದಿದ್ದರು. ಬಹಳ ಹೊತ್ತಾಗಿದೆ. ಅವರನ್ನು ವಿಚಾರಣೆಗೆ ಕರೆಯುವ ಮುನ್ನ, ನಾನು ಏನು ಹೇಳಿದ್ದೇನೆಂಬುದನ್ನು ನಾನೇ ಹೊರಗೆ ಹೋಗಿ ಅವರಿಗೆ ತಿಳಿಸಲು ಅವಕಾಶ ಕೇಳಿದೆ. ಅದಕ್ಕೆ ಸುನಂದಾ ಮೇಡಂ, ಮೊದಲು ಹೋಗಿ ಮಾತನಾಡಿಕೊಂಡು ಬಂದು ಆಮೇಲೆ ಬೇಕಾದರೆ ಸಹಿ ಮಾಡು, ಸಹಿಯಾದ ಮೇಲೆ ಹಿಂದೆ ತೆಗೆದುಕೊಳ್ಳುವುದು ಕಷ್ಟ ಎಂದು ಹೇಳಿದರು. ನನ್ನ ಪತಿಯ ಮುಖ ನೋಡಿದರೆ ನನಗೆ ಸಹಿ ಮಾಡಲು ಆಗುವುದಿಲ್ಲ. ಸಹಿ ಮಾಡಿಯೇ ಹೊರಗೆ ಹೋಗುತ್ತಿದ್ದೇನೆ.

ಈ ಹೇಳಿಕೆಯನ್ನು ನನಗೆ ಮೊದಲಿನಿಂದ ಕೊನೆಯವರೆಗೆ ಓದಿ ಹೇಳಲಾಗಿದೆ. ನಾನು ಹೇಳಿದಂತೆಯೇ ಇದೆ, ತೆಗೆಯಬೇಕಾದ ಮಾತು ಒಂದೂ ಇಲ್ಲ.

ಸ್ಥಳ: ಸಿರುಗುಪ್ಪ
ದಿನಾಂಕ: 16.12.2025

(ಸಹಿ)
ಶಾಂಭವಿ